ಅಮ್ಮಂದಿರ ನಾಣ್ಯ

ರೋಮನ್ ನಾಣ್ಯ ಕೂಡಿಸಲು ಹೊರಟವರು ಮೊದಲು ಆಸೆಪಡುವುದು ಸೀಸರ್, ನೀರೋಗಳಿಗೆ. ನನ್ನನ್ನು ಕೇಳಿದರೆ ಫೌಸ್ಟಿನಾಳಿಂದ ಶುರುಮಾಡಿ ಎನ್ನುತ್ತೇನೆ.

ಚಕ್ರವರ್ತಿ ಆಂಟೋನಿನಸ್ ಪಯಸ್‌ನ ಈ ಹೆಂಡತಿ ತೀರಿಕೊಂಡದ್ದು ಕ್ರಿ.ಶ. 140ರ ಸುಮಾರಿಗೆ. ಸೆನೆಟ್ ಅವಳನ್ನು ದೇವತೆಯ ಸಾಲಿಗೆ ಸೇರಿಸಿತು. 161ರಲ್ಲಿ ತಾನು ಸಾಯುವವರೆಗೂ ಗಂಡ ಅವಳ ಹೆಸರಿನಲ್ಲಿ ನಾಣ್ಯ ಅಚ್ಚು ಹಾಕಿಸುತ್ತಲೇ ಇದ್ದ. ಹಾಗಾಗಿ ಅವು ಇಂದಿಗೂ ಧಾರಾಳ. ಸವೆದವಾದರೆ ಬೆಲೆಯೂ ಕೈಗೆಟುಕುತ್ತದೆ. ಅವಳ ಸೆಸ್ಟರ್ಷಿಯಸ್ ಎಂಬ ನಾಣ್ಯ ಸುಮಾರು 25 ಗ್ರಾಂ ತೂಗುತ್ತದೆ. ಕಂಚೆಂದು ಕರೆಯುವುದು ರೂಢಿ, ಲೋಹ ಮಾತ್ರ ನಮ್ಮ ಕಾಲುದೀಪದ ಹಿತ್ತಾಳೆಯೇ. ಹೆಣೆದ ಜಡೆಯನ್ನು ನೆತ್ತಿಯ ಮೇಲೆ ಸುತ್ತಿಟ್ಟ ತುರುಬು; ಮೂಗು, ಕಣ್ಣು ಅಳಿಸಿಹೋಗಿದ್ದರೂ ಅದರಿಂದಲೇ ಅವಳ ಗುರುತು ಸಿಗುತ್ತದೆ. ದಯವಿಟ್ಟು ಹುಣಸೆಹುಳಿ ಹಾಕಿ ತಿಕ್ಕಬೇಡಿ. ಆ ಹಸಿರುಗಂದು ಪದರ ಹೋದರೆ ನಾಣ್ಯದ ಕಳೆಯೂ ಹೋಯಿತು, ಬೆಲೆಯೂ.

ಸ್ವಾರಸ್ಯವೆಲ್ಲ ಹಿಂಬದಿಯ ದೇವತೆಗಳಲ್ಲಿದೆ. ತೆನೆ, ಪಂಜು ಹಿಡಿದವಳು ಸೆರೆಸ್. ಸೇಬು ಹಿಡಿದವಳು ವೀನಸ್. ವೀನಸ್ ಕಾಣುವುದು ಮಗಳು ಕಿರಿಯ ಫೌಸ್ಟಿನಾಳ ನಾಣ್ಯಗಳಲ್ಲಿ ಹೆಚ್ಚು. ಸಿಂಹಗಳ ನಡುವೆ ಕೂತವಳು ಸಿಬಿಲಿ. ಆಯುಧ, ವಾಹನ ನೋಡಿ ದೇವರನ್ನು ಗುರುತಿಸುತ್ತ ಬೆಳೆದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ನವಿಲಿನ ಬಗ್ಗೆ ಮಾತ್ರ ಎಚ್ಚರ. ಕುಕ್ಕೆಯಿಂದ ಕುಮಾರಧಾರೆ ಹರಿದುಬರುವ ಉಪ್ಪಿನಂಗಡಿಯಲ್ಲಿ ನವಿಲೆಂದರೆ ಸುಬ್ರಹ್ಮಣ್ಯನದೇ. ರೋಮಿನಲ್ಲಿ ಅದು ಜೂನೋಳದು. ಸತ್ತ ಚಕ್ರವರ್ತಿಯನ್ನು ಸ್ವರ್ಗಕ್ಕೆ ಒಯ್ಯುವುದು ಹದ್ದು, ರಾಣಿಯನ್ನು ಒಯ್ಯುವುದು ನವಿಲು.

ಇಂಥ ನಾಣ್ಯ ನಮ್ಮ ಕಡೆಗೂ ಬಂದಿತ್ತೇ? ಭಾರತ ವರ್ಷಕ್ಕೆ ಐದು ಕೋಟಿ ಸೆಸ್ಟರ್ಷಿಯಸ್ ನುಂಗುತ್ತದೆಂದು ರೋಮನ್ ಲೇಖಕ ಪ್ಲಿನಿ ಗೊಣಗಿದ್ದ. ಕಡಲ್ಗಳ್ಳರ ಕಾಟವಿದೆ ಎಂದು ಅವನೇ ಹೆಸರಿಸಿದ ನಿಟ್ರಿಯಾಸ್ ನಮ್ಮ ನೇತ್ರಾವತಿಯ ಅಳಿವೆಯ ಕಡೆಯದೆಂದು ಹಲವು ವಿದ್ವಾಂಸರ ಊಹೆ. ಆದರೆ ಅವನು ಹೇಳಿದ ಸೆಸ್ಟರ್ಷಿಯಸ್ ಬರೀ ಲೆಕ್ಕದ ಮಾತು. ಕಾಳುಮೆಣಸು ಮಾರುವವರಿಗೆ ಪರದೇಶದ ಹಿತ್ತಾಳೆ ಯಾಕೆ? ಬೇಕಾದದ್ದು ಬೆಳ್ಳಿ, ಚಿನ್ನ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ಸಿಕ್ಕ 163 ರೋಮನ್ ನಾಣ್ಯಗಳೂ ಬೆಳ್ಳಿಯವೇ.

ಹಾಗೆಂದು ಅಮ್ಮಂದಿರು ಇಲ್ಲಿಗೆ ಬಾರದೇ ಇಲ್ಲ. ದಕ್ಷಿಣ ಭಾರತದಲ್ಲಿ ಹೇರಳವಾಗಿ ಸಿಕ್ಕಿರುವ ತಿಬೇರಿಯಸ್‌ನ ಬೆಳ್ಳಿ ನಾಣ್ಯದ ಹಿಂದೆ ರಾಜದಂಡ, ರೆಂಬೆ ಹಿಡಿದು ಒಬ್ಬಳು ಕೂತಿದ್ದಾಳೆ. ಅವನ ತಾಯಿ ಲಿವಿಯಾ ಎನ್ನುವವರುಂಟು, ಬರೀ ಶಾಂತಿದೇವತೆ ಎನ್ನುವವರೂ ಉಂಟು. ನಾನು ಲಿವಿಯಾಳ ಪಕ್ಷ. ಒಪ್ಪದವರು ಮುಂದೆ ಕ್ಲಾಡಿಯಸ್ ಹೊರಡಿಸಿದ ಹಿತ್ತಾಳೆಯ ಡುಪಾಂಡಿಯಸ್ ನಾಣ್ಯವನ್ನು ಪಕ್ಕದಲ್ಲಿಟ್ಟು ನೋಡಲಿ: ಕೂತ ಭಂಗಿ ಹೆಚ್ಚುಕಡಿಮೆ ಅದೇ, ಕೈಯಲ್ಲಿ ಸೆರೆಸಳ ತೆನೆ ಮತ್ತು ಪಂಜು, ಅಂಚಿನಲ್ಲಿ ಲಿವಿಯಾಳ ಬಿರುದು, ‘ದಿವಾ ಆಗಸ್ಟಾ’.