ಡಿಸ್ಕ್ ಕಿತ್ತು ನೋಡದ ರೇಡ್ ಪರೀಕ್ಷೆ

ಚಂಕ್ ಗಾತ್ರ 64 ಕೆಬಿ ಇರಬೇಕೋ 512 ಕೆಬಿ ಇರಬೇಕೋ ಎಂಬ ಹಳೆಯ ತಕರಾರನ್ನು ಈ ವಾರ ಮುಗಿಸುವುದಾಗಿ ಹೇಳಿದ್ದೆ. ಅದು ಇನ್ನೊಂದು ವಾರ ಕಾಯಲಿ. ಓದುಗರೊಬ್ಬರು ತಮ್ಮ ಹೊಸ ರೇಡ್-5ರ ಪರೀಕ್ಷೆಯ ವಿವರ ಬರೆದು ಕಳಿಸಿದ್ದಾರೆ. ಎಸ್‌.ಪಿ. ರಸ್ತೆಯಲ್ಲಿ ಕೊಂಡ ಎರಡು ಸಾಕೆಟ್ಟಿನ ಹಳೆಯ ಸರ್ವರ್ ಬೋರ್ಡು, ಐದು ಡಿಸ್ಕು, ಲಿನಕ್ಸಿನ ಸಾಫ್ಟ್‌ವೇರ್ ರೇಡ್ ಆದ ಎಂಡಿ. ರಾತ್ರಿಯಿಡೀ ಡಿಡಿ ಹಚ್ಚಿ ಅರೇ ತುಂಬ ಸೊನ್ನೆ ಬರೆದಿದ್ದಾರೆ, ಓದಿದ್ದಾರೆ, ಹೋಲಿಸಿದ್ದಾರೆ. ಒಂದು ಬೈಟೂ ಕೆಟ್ಟಿಲ್ಲ, ಇನ್ನು ಫೋಟೋಗಳನ್ನೆಲ್ಲ ಇದಕ್ಕೆ ಹಾಕಬಹುದೇ ಎಂದು ಕೇಳಿದ್ದಾರೆ.

ದಯವಿಟ್ಟು ಈಗಲೇ ಹಾಕಬೇಡಿ. ಸೊನ್ನೆಗೆ ಸೊನ್ನೆ ಎಕ್ಸಾರ್ ಮಾಡಿದರೆ ಸೊನ್ನೆಯೇ. ಪ್ಯಾರಿಟಿಯೂ ಸೊನ್ನೆ, ದತ್ತಾಂಶವೂ ಸೊನ್ನೆ. ಒಂದು ಬ್ಲಾಕು ಇನ್ನೊಂದರ ಜಾಗಕ್ಕೆ ಹೋಗಿ ಕೂತರೂ, ಮೊನ್ನೆಯ ಬ್ಲಾಕು ಇಂದಿನದರ ಮೇಲೆ ಉಳಿದರೂ, ಪ್ಯಾರಿಟಿ ಬರೆಯುವುದೇ ತಪ್ಪಿಹೋದರೂ ಆ ಹೋಲಿಕೆಗೆ ಕಾಣುವುದಿಲ್ಲ. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಅರೇ ಆರೋಗ್ಯವಾಗಿದ್ದಾಗ ದತ್ತಾಂಶ ಓದಿಕೊಡಲು ಎಂಡಿ ಪ್ಯಾರಿಟಿಯನ್ನು ಮುಟ್ಟುವುದೇ ಇಲ್ಲ. ಓದಿ ಹೋಲಿಸಿದ್ದು ನಾಲ್ಕು ಡಿಸ್ಕಿನಷ್ಟು ದತ್ತಾಂಶವನ್ನು ಮಾತ್ರ. ನಾವು ದುಡ್ಡು ಕೊಟ್ಟು ಐದನೆಯ ಡಿಸ್ಕು ಹಾಕಿದ್ದು ಯಾವುದಕ್ಕೋ, ಅದನ್ನು ಯಾರೂ ನೋಡಲಿಲ್ಲ.

ಹಲವು ಸಿಪಿಯುಗಳ ಯಂತ್ರದಲ್ಲಿ ಇದು ಏಕೆ ಮುಖ್ಯವೆಂದು ಸಣ್ಣ ಅಂಕಿಗಳಲ್ಲೇ ತೋರಿಸುತ್ತೇನೆ. ಒಂದು ಸ್ಟ್ರೈಪಿನ ಮೊದಲ ಡಿಸ್ಕಿನಲ್ಲಿ 5, ಎರಡನೆಯದರಲ್ಲಿ 3, ಮುಂದಿನೆರಡರಲ್ಲಿ ಸೊನ್ನೆ ಇದೆ ಎನ್ನಿ. ಪ್ಯಾರಿಟಿ 6. ಒಂದು ಸಿಪಿಯು 5 ಇದ್ದಲ್ಲಿ 9 ಬರೆಯಲು ಹೊರಡುತ್ತದೆ. ಹಳೆಯ ಪ್ಯಾರಿಟಿಯಿಂದ 5ನ್ನು ತೆಗೆದು 9ನ್ನು ಸೇರಿಸಿದರೆ ಹೊಸ ಪ್ಯಾರಿಟಿ 10. ಅದೇ ಗಳಿಗೆಯಲ್ಲಿ ಇನ್ನೊಂದು ಸಿಪಿಯು 3 ಇದ್ದಲ್ಲಿ 12 ಬರೆಯಬೇಕಿದೆ. ಅದೂ ಹಳೆಯ 6ನ್ನೇ ಓದಿಕೊಂಡಿದ್ದರೆ ಅದರ ಲೆಕ್ಕಕ್ಕೆ ಸಿಗುವುದು 9. ಒಂದೇ ಖಾತೆಯ ಹಳೆಯ ಶಿಲ್ಕನ್ನು ಇಬ್ಬರು ಗುಮಾಸ್ತರು ಬೇರೆಬೇರೆಯಾಗಿ ನೋಡಿಕೊಂಡು ಜಮಾ ಬರೆದಂತೆ. ಸರಿಯಾದ ಪ್ಯಾರಿಟಿ 5. ಎರಡನೆಯ ಸಿಪಿಯುವಿನ ಬರಹ ಕೊನೆಗೆ ಬಿದ್ದರೆ ಡಿಸ್ಕಿನಲ್ಲಿ ಉಳಿಯುವುದು 9.

ಈಗ ಅರೇಯನ್ನು ಓದಿ ನೋಡಿ. 9 ಬರುತ್ತದೆ, 12 ಬರುತ್ತದೆ, ಎರಡೂ ಸರಿ. ತಿಂಗಳುಗಟ್ಟಲೆ ಸರಿಯಾಗಿಯೇ ಬರುತ್ತವೆ. ಒಂದು ದಿನ ಮೊದಲ ಡಿಸ್ಕು ಸಾಯುತ್ತದೆ. ಉಳಿದವುಗಳಿಂದ ಎಂಡಿ ಲೆಕ್ಕ ಹಾಕುತ್ತದೆ: 12 ಎಕ್ಸಾರ್ 9, ಅಂದರೆ 5. ತಿದ್ದುವ ಮೊದಲಿದ್ದ ಹಳೆಯ ಬೆಲೆ ಎದ್ದು ಬಂತು! ಅದು ಕಸದಂತೆ ಕಾಣುವುದೂ ಇಲ್ಲ. ಒಂದು ಕಾಲಕ್ಕೆ ನಿಜವಾಗಿದ್ದ, ನೋಡಲು ಅಚ್ಚುಕಟ್ಟಾದ ದತ್ತಾಂಶ. ಲಾಗ್‌ನಲ್ಲಿ ಒಂದು ಸಾಲು ದೂರೂ ಇರುವುದಿಲ್ಲ.

ಎಂಡಿ ಹೀಗಾಗಲು ಬಿಡುವುದಿಲ್ಲ ಎಂಬುದನ್ನೂ ಹೇಳಬೇಕು. ಒಂದು ಸ್ಟ್ರೈಪಿಗೆ ಸೇರಿದ ಬರಹವೆಲ್ಲ ಒಂದೇ ಸ್ಟ್ರೈಪ್ ಹೆಡ್ಡಿನ ಮೂಲಕ ಹಾಯಬೇಕು. ಒಬ್ಬರು ಅದನ್ನು ಹಿಡಿದಿರುವಾಗ ಇನ್ನೊಬ್ಬರು ಕಾಯಬೇಕು. ಬಹಳ ಕಾಲ ಒಂದು ಅರೇಯ ಸ್ಟ್ರೈಪುಗಳನ್ನೆಲ್ಲ ಒಂದೇ ಕರ್ನಲ್ ಥ್ರೆಡ್ಡು ನೋಡಿಕೊಳ್ಳುತ್ತಿತ್ತು. 2013ರ 3.12 ಆವೃತ್ತಿಯಿಂದ ಹಲವು ಥ್ರೆಡ್ಡುಗಳಿಗೆ ಹಂಚಬಹುದಾಯಿತು. ವೇಗ ಏರಿತು, ಜೊತೆಗೆ ಕಾಯಬೇಕಾದ ಬೀಗಗಳೂ ಹೆಚ್ಚಿದವು. ಈ ಬೀಗಗಳು ಸರಿಯಿವೆಯೇ ಎಂದು ನೋಡುವುದೇ ನಮ್ಮ ಪರೀಕ್ಷೆ. ಅಂದಮೇಲೆ ಅವು ಬಿಗಿಯಾಗುವ ಸನ್ನಿವೇಶವನ್ನು ನಾವೇ ಹುಟ್ಟಿಸಬೇಕು.

ಇದು ಹೆಚ್ಚಾಯಿತು ಎನ್ನುವವರಿಗೆ ಒಂದು ನಡೆದ ಸಂಗತಿ. 2014ರ ಆಗಸ್ಟ್‌ನಲ್ಲಿ ಎಂಡಿಯ ಅಂದಿನ ಪಾಲಕ ನೀಲ್ ಬ್ರೌನ್ ರೇಡ್-6ರ ಒಂದು ದೋಷವನ್ನು ಸರಿಪಡಿಸಿದರು. ಎರಡು ಡಿಸ್ಕು ಕಳೆದುಕೊಂಡ ಅರೇಯಲ್ಲಿ ಒಂದನ್ನು ಹೊಸ ಡಿಸ್ಕಿಗೆ ಮರಳಿ ಕಟ್ಟುತ್ತಿದ್ದೀರಿ. ಆಗಲೇ, ಅದೇ ಸ್ಟ್ರೈಪಿನಲ್ಲಿ, ಇನ್ನೂ ಇಲ್ಲದ ಮತ್ತೊಂದು ಡಿಸ್ಕಿಗೆ ಸೇರಬೇಕಾದ ಬ್ಲಾಕಿಗೆ ಬರಹವೊಂದು ಬಂದರೆ, ಮರಳಿ ಕಟ್ಟಿದ ದತ್ತಾಂಶ ಹೊಸ ಡಿಸ್ಕಿಗೆ ಇಳಿಯದೇ ಹೋಗಬಹುದಿತ್ತು. ಒಂದೇ ಡಿಸ್ಕು ಕಳೆದಾಗ ಸರಿಹೋಗುವ ಒಂದು ಒಳದಾರಿಯನ್ನು ಎರಡು ಕಳೆದಾಗಲೂ ಬಳಸಿದ್ದರ ಫಲ ಅದು. ದೋಷ ಸೇರಿಕೊಂಡದ್ದು 2009ರ ಡಿಸೆಂಬರಿನ 2.6.32ರಲ್ಲಿ. ನಾಲ್ಕು ವರ್ಷಕ್ಕೂ ಮೀರಿ ಅದು ಜಗತ್ತಿನ ಸರ್ವರ್‌ಗಳಲ್ಲಿ ಕೂತಿತ್ತು. ಆರೋಗ್ಯವಂತ ಅರೇಯನ್ನು ಎಷ್ಟು ರಾತ್ರಿ ಓದಿ ಹೋಲಿಸಿದರೂ ಅದು ಸಿಗುತ್ತಿರಲಿಲ್ಲ.

ಇಂಥದ್ದನ್ನು ಬರೆದಾಗಲೆಲ್ಲ ಹಾರ್ಡ್‌ವೇರ್ ರೇಡ್ ಪಕ್ಷದವರಿಂದ ಓಲೆಗಳು ಬರುತ್ತವೆ: ಅದಕ್ಕೇ ಹೇಳಿದ್ದು, ಬ್ಯಾಟರಿ ಇರುವ ಕಾರ್ಡ್ ಹಾಕಿಸಿ, ಸಾಫ್ಟ್‌ವೇರ್ ರೇಡ್ ನಂಬಬೇಡಿ ಎಂದು. ಬರೆಯುವ ನಡುವೆ ಕರೆಂಟ್ ಹೋದಾಗ ಬ್ಯಾಟರಿ ಕಾಯುತ್ತದೆ ಎಂಬುದನ್ನು ನಾನು ಎಂದೂ ಅಲ್ಲಗಳೆದಿಲ್ಲ. ಅದಕ್ಕೆ ಎಂಡಿಯಲ್ಲೂ 2016ರ 4.4 ಆವೃತ್ತಿಯಿಂದ ಜರ್ನಲ್ ಇದೆ. ಆದರೆ ಕಾರ್ಡಿನ ಒಳಗೂ ಒಂದು ಪ್ರೊಸೆಸರ್ ಇದೆ, ಅದರ ಮೇಲೂ ಯಾರೋ ಬರೆದ ಪ್ರೋಗ್ರಾಮೇ ಓಡುತ್ತದೆ. ಅದರ ಬೀಗಗಳನ್ನು ನಾವು ತೆರೆದು ನೋಡಲಾರೆವು. ಎಂಡಿಯ ಬೀಗಗಳ ಮೇಲೆ 2006ರಿಂದ, ಬೀಗ ಹಿಡಿಯುವ ಕ್ರಮವನ್ನು ಪರೀಕ್ಷಿಸುವ ಲಾಕ್‌ಡೆಪ್ ಕಾವಲಿದೆ, 2020ರ 5.8ರಿಂದ, ಬೀಗವಿಲ್ಲದೆ ಒಂದೇ ಮೆಮೊರಿಗೆ ಇಬ್ಬರು ಕೈಹಾಕುವುದನ್ನು ಹಿಡಿಯುವ ಕೆಸಿಸ್ಯಾನ್ ಇದೆ. ಲಾಕ್‌ಡೆಪ್ ಬರೆದ ಇಂಗೋ ಮೋಲ್ನರ್ ಎಂಡಿಯ ರೇಡ್-5ನ್ನು ಮೊದಲು ಬರೆದವರಲ್ಲೂ ಒಬ್ಬರು.

2007ರಲ್ಲಿ ಜಿನೀವಾದ ಸರ್ನ್ ಸಂಸ್ಥೆ ತನ್ನ ಮೂರು ಸಾವಿರಕ್ಕೂ ಹೆಚ್ಚು ಯಂತ್ರಗಳಲ್ಲಿ ಗೊತ್ತಾದ ಮಾದರಿಯ ಕಡತವೊಂದನ್ನು ಮತ್ತೆ ಮತ್ತೆ ಬರೆದು ಓದಿಸಿತು. ಐದು ವಾರಗಳಲ್ಲಿ ಸುಮಾರು 500 ತಪ್ಪುಗಳು ಸಿಕ್ಕವು. ಬಹುಪಾಲು 64 ಕೆಬಿ ಗಾತ್ರದ ತುಂಡುಗಳು. ಕಾರಣ ಹುಡುಕುತ್ತ ಹೋದಾಗ ಕಂಡದ್ದು ರೇಡ್ ಕಾರ್ಡಿಗೂ ಡಿಸ್ಕಿನ ಫರ್ಮ್‌ವೇರಿಗೂ ಹೊಂದಾಣಿಕೆ ಇಲ್ಲದ್ದು. ಕಾರ್ಡ್ ಪಕ್ಷದವರು ಆ ವರದಿಯನ್ನು ಓದಬೇಕೆಂದು ನನ್ನ ಕೋರಿಕೆ.

ನಾನು ವರ್ಷಕ್ಕೊಮ್ಮೆಯಾದರೂ ತೆಗೆದು ಓದುವ ಪ್ರಬಂಧವೊಂದಿದೆ. ಸಾಲ್ಟ್ಜರ್, ರೀಡ್, ಕ್ಲಾರ್ಕ್ ಮೂವರೂ ಸೇರಿ 1984ರಲ್ಲಿ ಪ್ರಕಟಿಸಿದ, ತುದಿಯಿಂದ ತುದಿಗೆ ತಾಳೆ ನೋಡಬೇಕೆಂಬ ವಾದದ ಪ್ರಬಂಧ. ಅದರಲ್ಲಿ ಎಂಐಟಿಯಲ್ಲಿ ನಡೆದ ಘಟನೆಯೊಂದು ಬರುತ್ತದೆ. ಹಲವು ಜಾಲಗಳನ್ನು ಗೇಟ್‌ವೇ ಕಂಪ್ಯೂಟರುಗಳು ಜೋಡಿಸಿದ್ದವು. ಒಂದು ಗೇಟ್‌ವೇಯಿಂದ ಮುಂದಿನದಕ್ಕೆ ಹೋಗುವಾಗ ಪ್ರತಿ ಪ್ಯಾಕೆಟ್ಟಿಗೂ ಚೆಕ್‌ಸಮ್ ಇತ್ತು. ಪ್ರೋಗ್ರಾಮ್ ಬರೆಯುವವರು, ದಾರಿಯುದ್ದಕ್ಕೂ ಕಾವಲಿದೆಯಲ್ಲ ಎಂದು ನಿಶ್ಚಿಂತರಾಗಿದ್ದರು. ತಂತಿಯ ಮೇಲೆ ಕಾವಲಿತ್ತು, ನಿಜ. ಗೇಟ್‌ವೇಯ ಹೊಟ್ಟೆಯೊಳಗೆ ಇರಲಿಲ್ಲ. ಒಂದು ಗೇಟ್‌ವೇ ಒಳಬರುವ ಬಫರಿನಿಂದ ಹೊರಹೋಗುವ ಬಫರಿಗೆ ನಕಲು ಮಾಡುವಾಗ ಸುಮಾರು ಹತ್ತು ಲಕ್ಷ ಬೈಟಿಗೊಮ್ಮೆ ಎರಡು ಬೈಟುಗಳನ್ನು ಅದಲುಬದಲು ಮಾಡತೊಡಗಿತು. ಚೆಕ್‌ಸಮ್ಮನ್ನು ಆಮೇಲೆ ಹೊಸದಾಗಿ ಹಾಕುತ್ತಿದ್ದುದರಿಂದ ಮುಂದೆ ಎಲ್ಲವೂ ಸರಿಯೆಂದೇ ತೋರುತ್ತಿತ್ತು. ಒಂದು ಆಪರೇಟಿಂಗ್ ಸಿಸ್ಟಮ್ಮಿನ ಮೂಲ ಕಡತಗಳು ಆ ದಾರಿಯಲ್ಲಿ ಹಲವು ಸಲ ಹೋಗಿ ಬಂದವು, ಕೆಲವು ಕೆಟ್ಟವು. ಕೊನೆಗೆ ಹಳೆಯ ಮುದ್ರಿತ ಪ್ರತಿಗಳನ್ನು ಮುಂದಿಟ್ಟುಕೊಂಡು ಕಣ್ಣಿನಿಂದಲೇ ಸಾಲುಸಾಲು ಹೋಲಿಸಿ ತಿದ್ದಬೇಕಾಯಿತು.

ಗೇಟ್‌ವೇ ಇದ್ದಲ್ಲಿ ಸ್ಟ್ರೈಪ್ ಕ್ಯಾಷ್ ಇಟ್ಟು ಇದನ್ನು ಇನ್ನೊಮ್ಮೆ ಓದಿ. ಡಿಸ್ಕಿನ ಪ್ರತಿ ಸೆಕ್ಟರಿಗೂ ಇಸಿಸಿ ಇದೆ, ಕೇಬಲ್ ಮೇಲೆ ಸಿಆರ್‌ಸಿ ಇದೆ. ನಡುವೆ ನಮ್ಮ ಪುಟವನ್ನು ಎಂಡಿ ತನ್ನ ಕ್ಯಾಷಿಗೆ ನಕಲು ಮಾಡಿಕೊಳ್ಳುತ್ತದೆ, ಎಕ್ಸಾರ್ ಮಾಡುತ್ತದೆ, ಡಿಸ್ಕಿಗೆ ಕಳಿಸುತ್ತದೆ. ಸಿಪಿಯುಗಳು ತಳ್ಳಾಡುವುದು ಇಲ್ಲಿಯೇ. ಇಲ್ಲಿ ಕೆಟ್ಟದ್ದರ ಮೇಲೆ ಡಿಸ್ಕು ತನ್ನ ಇಸಿಸಿಯನ್ನು ನಿಷ್ಠೆಯಿಂದ ಹಾಕಿ ಜೋಪಾನ ಮಾಡುತ್ತದೆ. 1988ರಲ್ಲಿ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ರೇಡ್ ಪ್ರಬಂಧ ಬರೆದಾಗ ಒಂದೇ ಪ್ಯಾರಿಟಿ ಡಿಸ್ಕು ಸಾಕೆಂದದ್ದು, ಯಾವ ಡಿಸ್ಕು ಸತ್ತಿದೆಯೆಂದು ಕಂಟ್ರೋಲರೇ ತಿಳಿಸುತ್ತದೆ ಎಂಬ ಆಧಾರದ ಮೇಲೆ. ಸಾಯದೆ ಸುಳ್ಳು ಹೇಳುವ ಡಿಸ್ಕನ್ನು, ಸುಳ್ಳು ಬರೆಸುವ ಸಿಪಿಯುವನ್ನು ಹಿಡಿಯುವ ಹೊಣೆ ಆ ಪ್ಯಾರಿಟಿಯದ್ದಲ್ಲ.

ಆದ್ದರಿಂದ ಪ್ರತಿ 4 ಕೆಬಿ ಬ್ಲಾಕಿನೊಳಗೆ ಅದರದೇ ವಿಳಾಸ, ಎಷ್ಟನೆಯ ಸಲದ ಬರಹವೆಂಬ ಸಂಖ್ಯೆ, ಬರೆದ ಥ್ರೆಡ್ಡಿನ ಗುರುತು ಮತ್ತು ಚೆಕ್‌ಸಮ್ ಇರಲಿ. ಡಿಸ್ಕ್ ಪರೀಕ್ಷಿಸುವ ಎಫ್‌ಐಒ ಪ್ರೋಗ್ರಾಮಿನ ವೆರಿಫೈ ಆಯ್ಕೆ ಇದರಲ್ಲಿ ಬಹಳಷ್ಟನ್ನು ಮಾಡಿಕೊಡುತ್ತದೆ. ಇಬ್ಬರು ಒಂದೇ ಬ್ಲಾಕಿಗೆ ಬರೆಯಬಾರದು, ಬರೆದರೆ ಸುಳ್ಳು ದೂರು ಬರುತ್ತದೆ. ಆದರೆ ಒಂದೇ ಸ್ಟ್ರೈಪಿಗೆ ಬರೆಯಲೇಬೇಕು. ಒಂದೇ ಸ್ಟ್ರೈಪಿನ ಬ್ಲಾಕುಗಳು ಅರೇಯ ವಿಳಾಸದಲ್ಲಿ ಅಕ್ಕಪಕ್ಕ ಇರುವುದಿಲ್ಲ, ಒಂದು ಚಂಕ್ ದೂರದಲ್ಲಿರುತ್ತವೆ. ಚಂಕ್ 64 ಕೆಬಿ ಆದರೆ ಮೊದಲ 64 ಕೆಬಿ ಒಂದು ಥ್ರೆಡ್ಡಿಗೆ, ಮುಂದಿನದು ಇನ್ನೊಂದಕ್ಕೆ ಎಂದು ಹಂಚಿ, ಎಲ್ಲರೂ ಒಂದೇ ಆಫ್‌ಸೆಟ್‌ಗೆ ಒಟ್ಟಿಗೆ ಬರೆಯಲಿ. ಕೆಲವೇ ಎಂಬಿ ಜಾಗದಲ್ಲಿ ಸುತ್ತಲಿ. ಸ್ಟ್ರೈಪ್ ಕ್ಯಾಷನ್ನು 256ರಿಂದ ಕನಿಷ್ಠವಾದ 17ಕ್ಕೆ ಇಳಿಸಿ. ಸ್ಟ್ರೈಪ್ ಹೆಡ್ಡುಗಳು ಬಿಡುವಿಲ್ಲದೆ ಕೈಬದಲಾಗುತ್ತವೆ. ಮೂರು ಡಿಸ್ಕಿನ ಅರೇಯಲ್ಲಿ ಮಾತ್ರ ಪರೀಕ್ಷಿಸಿ ಸುಮ್ಮನಾಗಬೇಡಿ: ಅಲ್ಲಿ ಹಳೆಯ ಪ್ಯಾರಿಟಿ ಓದುವುದಕ್ಕಿಂತ ಪಕ್ಕದ ಬ್ಲಾಕು ಓದಿ ಹೊಸದಾಗಿ ಲೆಕ್ಕ ಹಾಕುವುದು ಅಗ್ಗ, ಹಾಗಾಗಿ ಮೇಲೆ ಹೇಳಿದ ಓದಿ ತಿದ್ದುವ ದಾರಿಗೆ ಎಂಡಿ ಕಾಲಿಡುವುದೇ ಇಲ್ಲ. ಐದಾದರೆ ಇಡುತ್ತದೆ.

ಬರೆದಾದ ಮೇಲೆ ಅರೇಯನ್ನು ನಿಲ್ಲಿಸಿ, ಮತ್ತೆ ಜೋಡಿಸಿ, ಪೇಜ್ ಕ್ಯಾಷ್ ದಾಟಿಕೊಂಡು ಓದಿ. ಆಮೇಲೆ ದತ್ತಾಂಶಕ್ಕೂ ಪ್ಯಾರಿಟಿಗೂ ತಾಳೆ ನೋಡುವ ಎಂಡಿಯ ಚೆಕ್ ಓಡಿಸಿ. ಅದಾದಮೇಲೆ ಒಂದು ಡಿಸ್ಕನ್ನು ಫೇಲ್ ಮಾಡಿಸಿ ಮತ್ತೆ ಓದಿ. ಬರಹ ನಡೆಯುತ್ತಿರುವಂತೆಯೇ ಹೊಸ ಡಿಸ್ಕು ಸೇರಿಸಿ, ಮರಳಿ ಕಟ್ಟುವುದು ಮುಗಿದ ಮೇಲೆ ಇನ್ನೊಂದನ್ನು ಕಿತ್ತು ಓದಿ. ಐದೂ ಡಿಸ್ಕಿಗೆ ಸರದಿ ಬರಲಿ. ರೇಡ್-6 ಆದರೆ ಎರಡೆರಡನ್ನು ಕೀಳಿ.

ತಪ್ಪು ಸಿಕ್ಕರೆ ಮೊದಲು ಮೆಮೊರಿಯನ್ನು ಅನುಮಾನಿಸಿ, ಹಳೆಯ ಬೋರ್ಡಾದರೆ ಇನ್ನೂ ಹೆಚ್ಚು. ನಂತರ ಬೂಟ್ ಸಾಲಿನಲ್ಲಿ ಮ್ಯಾಕ್ಸ್‌ಸಿಪಿಯುಸ್ 1 ಎಂದು ಕೊಟ್ಟು ಅದೇ ಪರೀಕ್ಷೆ ಓಡಿಸಿ. ತಪ್ಪು ಮಾಯವಾದರೆ ಅದೊಂದು ಸುಳಿವು, ಸಾಬೀತಲ್ಲ, ವೇಗವೂ ಬದಲಾಗಿರುತ್ತದೆ. ಎಆರ್‌ಎಂ ಬೋರ್ಡಿನ ಮೇಲೆ ಅರೇ ಕಟ್ಟುವವರು ಅದರ ಮೇಲೆಯೇ ಪರೀಕ್ಷಿಸಬೇಕು. ಎಕ್ಸ್86ರಲ್ಲಿ ಒಂದು ಸಿಪಿಯು ಬರೆದ ಕ್ರಮದಲ್ಲೇ ಉಳಿದವುಗಳಿಗೆ ಬರಹ ಕಾಣುತ್ತದೆ, ಎಆರ್‌ಎಂನಲ್ಲಿ ಆ ಖಾತ್ರಿ ಇಲ್ಲ. ಒಂದರಲ್ಲಿ ಹುದುಗಿ ಕೂತ ದೋಷ ಇನ್ನೊಂದರಲ್ಲಿ ಏಳುತ್ತದೆ.

ಚೆಕ್ ಮುಗಿದಾಗ ಎಂಡಿ ತೋರಿಸುವ ಮಿಸ್‌ಮ್ಯಾಚ್ ಕೌಂಟಿನ ಬಗ್ಗೆಯೂ ಹಲವರು ಕೇಳಿದ್ದೀರಿ. ಅದು ಸೆಕ್ಟರುಗಳ ಲೆಕ್ಕ. ರೇಡ್-1ರ ಮೇಲೆ ಸ್ವಾಪ್ ಇದ್ದು 128 ಅಥವಾ ಅದರ ಗುಣಕ ಕಂಡರೆ ಗಾಬರಿ ಬೇಡ. ಎರಡು ಡಿಸ್ಕಿಗೂ ಪುಟ ನೇರ ಮೆಮೊರಿಯಿಂದಲೇ ಹೋಗುತ್ತದೆ, ಒಂದಕ್ಕೆ ಹೋಗಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಪುಟ ಬದಲಾಗಿರಬಹುದು. ಹಾಗೆ ಬದಲಾದ ಸ್ವಾಪ್ ಪುಟವನ್ನು ಕರ್ನಲ್ ಮತ್ತೆ ಓದುವುದಿಲ್ಲ. ರೇಡ್-5, ರೇಡ್-6ರಲ್ಲಿ ಸೊನ್ನೆ ಬಿಟ್ಟು ಬೇರೆ ಯಾವ ಅಂಕಿ ಬಂದರೂ ರಿಪೇರ್ ಕೊಡಬೇಡಿ. ಕೊಟ್ಟರೆ ಇರುವ ದತ್ತಾಂಶವನ್ನೇ ಸರಿಯೆಂದು ನಂಬಿ ಪ್ಯಾರಿಟಿಯನ್ನು ತಿದ್ದಿಬಿಡುತ್ತದೆ, ಕೆಟ್ಟದ್ದು ದತ್ತಾಂಶವೇ ಆಗಿದ್ದರೆ ಅದನ್ನು ಮರಳಿ ಪಡೆಯುವ ದಾರಿ ಮುಚ್ಚುತ್ತದೆ. ಅರೇಯನ್ನು ಓದಲು ಮಾತ್ರ ತೆರೆದಿಟ್ಟು, ಕರ್ನಲ್ ಆವೃತ್ತಿ, ಸಿಪಿಯು ಎಷ್ಟು, ಚಂಕ್ ಎಷ್ಟು, ಯಾವ ಡಿಸ್ಕು ಯಾವಾಗ ಸೇರಿದ್ದು ಎಂಬುದನ್ನು ಬರೆದು ಕಳಿಸಿ.