ಅಂಜದವರನ್ನು ಬೆದರಿಸಿದರೆ ಅದು ಬೆದರಿಕೆ ಅಲ್ಲವೇ?

ಸುರಪುರ, ಶಹಾಪುರ ಸೀಮೆಯ ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಒಂದು ಮಾತಿದೆ: 'ಬೇಡರ್' ಎಂದರೆ 'ಬೇ-ಡರ್', ಅಂದರೆ ಭಯವೇ ಇಲ್ಲದವರು. ಕೇಳಿದವರ ಎದೆ ಉಬ್ಬುತ್ತದೆ, ಚಪ್ಪಾಳೆ ಬೀಳುತ್ತದೆ. ಆದರೆ ಆ ಮಾತು ಪರಿಶೀಲನೆಗೆ ನಿಲ್ಲುವುದಿಲ್ಲ. 'ಬೇ' ಎಂಬುದು ಪಾರಸಿಯ ಪೂರ್ವಪದ, 'ಡರ್' ಹಿಂದುಸ್ತಾನಿಯ ಶಬ್ದ. ಪಾರಸಿಯಲ್ಲಿ 'ಬೇದಾರ್' ಎಂದರೆ ಎಚ್ಚರವಾಗಿರುವವನು, ಅದಕ್ಕೂ ಅಂಜಿಕೆಗೂ ಸಂಬಂಧವಿಲ್ಲ. ಕನ್ನಡದ 'ಬೇಡ' ಬೇಟೆಯ ಬಳಗದ ಶಬ್ದ. ತಮಿಳಿನ 'ವೇಡನ್' ಅದರ ಒಡಹುಟ್ಟು. ದಖ್ಖನಿಗೆ ಪಾರಸಿ ಬರುವ ಎಷ್ಟೋ ಮೊದಲೇ ನಮ್ಮ ತುರುಗೋಳಿನ ವೀರಗಲ್ಲುಗಳ ಮೇಲೆ ಬೇಡರ ಹೆಸರಿದೆ.

ಇದು ಪಂಡಿತರ ಜಗಳವಾಗಿದ್ದರೆ ನಾನು ಬಿಟ್ಟುಬಿಡುತ್ತಿದ್ದೆ. ಆದರೆ ಈ ಹೆಮ್ಮೆಯ ಹಿಂದೆ ಒಂದು ನಂಬಿಕೆ ಕುಳಿತಿದೆ: ಬೆದರಿಸುವುದು ಯಶಸ್ವಿಯಾಯಿತೋ ಇಲ್ಲವೋ ಎಂಬುದಷ್ಟೇ ಮುಖ್ಯ, ಎದುರಿನವನು ಹೆದರದಿದ್ದರೆ ಏನೂ ನಡೆದಿಲ್ಲ ಎಂಬ ನಂಬಿಕೆ. ಇಂಗ್ಲಿಷಿನ 'ಇಂಟಿಮಿಡೇಟ್' ಎಂಬ ಕ್ರಿಯಾಪದವನ್ನು ನಾವು 'ಹೆದರಿಸು' ಎಂದು ಓದಿ ಮುಂದೆ ಹೋಗುವುದರಲ್ಲಿಯೂ ಇದೇ ನಂಬಿಕೆ ಕೆಲಸ ಮಾಡುತ್ತದೆ. ಪೊಲೀಸ್ ಠಾಣೆಯಲ್ಲಿ, ನ್ಯಾಯಾಲಯದಲ್ಲಿ, ಊರ ಕಟ್ಟೆಯ ಮೇಲೆ ಅದರ ಬೆಲೆ ತೆರುವವರು ಬಡವರು.

ವನದುರ್ಗದ ಕೋಟೆಯನ್ನು ನೋಡಿದವರಿಗೆ ಈ ನಿರ್ಭೀತಿಯ ಮಾತಿನ ಬಗ್ಗೆ ಮೊದಲ ಸಂಶಯ ಅಲ್ಲಿಯೇ ಹುಟ್ಟಬೇಕು. ಸುರಪುರದ ಬೇಡ ನಾಯಕರು ಕಟ್ಟಿಸಿದ ಕೋಟೆ ಅದು. ಬೆಟ್ಟದ ಆಸರೆ ಇಲ್ಲದ ಬಯಲಲ್ಲಿ ಗೋಡೆ, ಬುರುಜು, ಸುತ್ತ ಕಂದಕ. ಅಂಜಿಕೆ ಗೊತ್ತೇ ಇಲ್ಲದವರು ಕಂದಕ ತೋಡುವುದಿಲ್ಲ. ಯಾರು ಬರಬಹುದು, ಯಾವ ದಿಕ್ಕಿನಿಂದ ಬರಬಹುದು, ಬಂದರೆ ಹೆಂಗಸರು ಮಕ್ಕಳು ಏನಾಗಬೇಕು ಎಂದು ಅಂಜಿ ಲೆಕ್ಕ ಹಾಕಿದವರು ತೋಡುತ್ತಾರೆ. ಆ ಕಲ್ಲುಗಳಲ್ಲಿ ನನಗೆ ಕಾಣುವುದು ಬುದ್ಧಿವಂತರ ಭಯ. ಅದನ್ನು 'ನಿರ್ಭೀತರ ಕೋಟೆ' ಎಂದು ಕರೆದರೆ ಕಟ್ಟಿದವರ ವಿವೇಕವನ್ನೇ ಅಳಿಸಿದಂತೆ.

ವಾಗಣಗೇರಾದ ಕಥೆ ಇದನ್ನು ಇನ್ನೂ ಸ್ಪಷ್ಟವಾಗಿ ಹೇಳುತ್ತದೆ. 1705ರಲ್ಲಿ, ತೊಂಬತ್ತರ ಹತ್ತಿರದ ವಯಸ್ಸಿನ ಔರಂಗಜೇಬನೇ ಸೈನ್ಯದೊಂದಿಗೆ ಬಂದು ಪಿಡ್ಡ ನಾಯಕನ ವಾಗಣಗೇರಾ ಕೋಟೆಯ ಮುಂದೆ ಬೀಡುಬಿಟ್ಟ. ಅವನ ಕೊನೆಯ ಮುತ್ತಿಗೆ ಇದೇ. ಬಾದಶಹನ ಡೇರೆ ಕಂಡೊಡನೆ ಸಣ್ಣ ಪಾಳೆಯಗಾರ ಶರಣಾಗಬೇಕೆಂಬುದು ಆ ದರ್ಬಾರಿನ ಎಣಿಕೆ. ನಾಯಕ ಮಾಡಿದ್ದೇನು? ಸಂಧಿಗೆ ಒಪ್ಪಿದಂತೆ ತೋರಿಸಿಕೊಂಡ, ಅಂಜಿದವನಂತೆ ಮಾತುಕತೆ ನಡೆಸಿ ದಿನ ತಳ್ಳಿದ. ಅಷ್ಟರೊಳಗೆ ಧನಾಜಿ ಜಾಧವನ ಮರಾಠಾ ದಂಡು ನೆರವಿಗೆ ಬಂತು. ಏಪ್ರಿಲಿನಲ್ಲಿ ಕೋಟೆ ಮೊಗಲರ ಕೈಗೆ ಹೋಯಿತು, ನಾಯಕನೂ ಅವನ ಜನರೂ ಸಿಗಲಿಲ್ಲ, ರಾತ್ರಿಯೇ ಹೊರಬಿದ್ದಿದ್ದರು. ಇಲ್ಲಿ ಯಾರು ಹೆದರಿದರು, ಯಾರು ಹೆದರಲಿಲ್ಲ ಎಂಬ ಪ್ರಶ್ನೆಗೆ ಉತ್ತರವಿಲ್ಲ, ಆ ಪ್ರಶ್ನೆ ಕೇಳುವ ಅಗತ್ಯವೂ ಇಲ್ಲ. ಬೆದರಿಸಲು ಬಂದವನು ಯಾರು, ಏನನ್ನು ಕಿತ್ತುಕೊಳ್ಳಲು ಬಂದಿದ್ದ ಎಂಬುದು ಮಾತ್ರ ನಿಚ್ಚಳವಾಗಿದೆ.

ಒಂದೂವರೆ ಶತಮಾನದ ನಂತರ, ಬ್ರಿಟಿಷರ ಕಾಲದಲ್ಲಿಯೂ ಇದೇ ಕಥೆ. 1857ರ ನವೆಂಬರಿನಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. ಬ್ರಿಟಿಷರು ಊರಿಗೆ ಬೆಂಕಿಯಿಟ್ಟರು, ಮರುತಿಂಗಳು 19 ಜನರನ್ನು ಗಲ್ಲಿಗೇರಿಸಿದರು, ಅದೂ ಜನ ನೋಡುವಂತೆ. ಸತ್ತವರನ್ನು ಹೆದರಿಸುವುದು ಯಾರಿಗೂ ಬೇಕಾಗಿರಲಿಲ್ಲ. ಆ ಗಲ್ಲು ನೋಡುತ್ತ ನಿಂತವರಿಗಾಗಿ. ಮುಂದಿನ ಫೆಬ್ರವರಿಯಲ್ಲಿ ಸುರಪುರದ ಸರದಿ ಬಂತು. ರಾಜಾ ವೆಂಕಟಪ್ಪ ನಾಯಕ ಹೈದರಾಬಾದಿನಲ್ಲಿ ಸೆರೆ ಸಿಕ್ಕ. ಹುಡುಗನಾಗಿದ್ದಾಗ ಅವನು 'ಅಪ್ಪಾ' ಎಂದು ಕರೆಯುತ್ತಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸೆರೆಮನೆಗೆ ಬಂದು, ದಂಗೆಗೆ ಪ್ರೇರಿಸಿದವರ ಹೆಸರು ಹೇಳೆಂದು ಕೇಳಿದ. ರಾಜ ಹೇಳಲಿಲ್ಲ. ಶಾಲೆಯ ಪಾಠಗಳಲ್ಲಿ, ಜಯಂತಿಯ ಭಾಷಣಗಳಲ್ಲಿ ನಾವು ಇಲ್ಲಿಗೇ ನಿಲ್ಲುತ್ತೇವೆ.

ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದ ಉಳಿದ ಸಂಗತಿಗಳನ್ನೂ ಓದಬೇಕು. ಬರೆದವನು ಬ್ರಿಟಿಷ್ ಅಧಿಕಾರಿ, ತನ್ನ ಪಾತ್ರವನ್ನು ಚೆನ್ನಾಗಿ ಕಾಣಿಸುವ ಆಸೆ ಅವನಿಗಿತ್ತು, ಆ ಎಚ್ಚರ ಇಟ್ಟುಕೊಂಡೇ ಓದೋಣ. ಅವನನ್ನು ಕಂಡೊಡನೆ ಆ ತರುಣ ಬಿಕ್ಕಿಬಿಕ್ಕಿ ಅತ್ತ. ಕಳ್ಳನಂತೆ ನೇಣಿಗೆ ಹಾಕಬೇಡಿ, ತೋಪಿನ ಬಾಯಿಗೆ ಕಟ್ಟಿ ಹಾರಿಸಿ ಎಂದು ಬೇಡಿಕೊಂಡ. ಮರಣದಂಡನೆ ತಪ್ಪಿ ಸೆರೆವಾಸ ಬಂದಾಗ ಸಮಾಧಾನಪಡಲಿಲ್ಲ. ಚೆಂಗಲ್ಪಟ್ಟಿನ ಕೋಟೆಗೆ ಒಯ್ಯುವ ದಾರಿಯಲ್ಲಿ, 1858ರ ಮೇ ತಿಂಗಳಲ್ಲಿ, ಗುಂಡೇಟಿನಿಂದ ತೀರಿಕೊಂಡ. ಈ ಮನುಷ್ಯನಿಗೆ ಭಯವಿತ್ತು: ಅವಮಾನದ ಭಯ, ಬಂಧನದ ಭಯ. ಅದೇ ಮನುಷ್ಯ ಹೆಸರು ಹೇಳಲಿಲ್ಲ. ಅಂಜಿಕೆಯೂ ನಿರಾಕರಣೆಯೂ ಒಂದೇ ಮೈಯಲ್ಲಿ ಇದ್ದವು. ಅವನನ್ನು ಭಯವಿಲ್ಲದ ಮೂರ್ತಿ ಮಾಡಿ ನಿಲ್ಲಿಸಿದಾಗ ನಾವು ಆ ನಿರಾಕರಣೆಯ ತೂಕವನ್ನೇ ಕಡಿಮೆ ಮಾಡುತ್ತೇವೆ. ಅದರ ಜೊತೆಗೆ ಅವನನ್ನು ಅಲ್ಲಿಗೆ ತಂದವರ ಅಪರಾಧವೂ ಹಗುರಾಗುತ್ತದೆ.

ನಮ್ಮ ಕನ್ನಡ ಈ ವಿಷಯದಲ್ಲಿ ನಮಗಿಂತ ಜಾಣೆ. 'ಎಷ್ಟು ಬೆದರಿಸಿದರೂ ಅವಳು ಹೆದರಲಿಲ್ಲ' ಎಂದರೆ ಯಾವ ಕನ್ನಡಿಗನಿಗೂ ತೊಡಕಿಲ್ಲ. ಬೆದರಿಸಿದ್ದು ನಡೆಯಿತು, ಹೆದರಿದ್ದು ನಡೆಯಲಿಲ್ಲ. ಎರಡೂ ಬೇರೆ ಬೇರೆ ಜನರ ಬೇರೆ ಬೇರೆ ಕ್ರಿಯೆಗಳು. 'ಇಂಟಿಮಿಡೇಟ್' ಲ್ಯಾಟಿನಿನ ಅಂಜುಬುರುಕತನದ ಶಬ್ದದಿಂದ ಬಂದಿದ್ದರೂ ಅದರ ಬಳಕೆಯಲ್ಲಿ ಬರೀ ಹೆದರಿಕೆ ಹುಟ್ಟಿಸುವುದಕ್ಕಿಂತ ಹೆಚ್ಚಿನದಿದೆ. ಕತ್ತಲಲ್ಲಿ ನಾಯಿ ಬೊಗಳಿದರೆ ನಾವು ಬೆಚ್ಚಿಬೀಳುತ್ತೇವೆ, ಆದರೆ ಆ ನಾಯಿಗೆ ನಮ್ಮಿಂದ ಏನನ್ನೂ ಮಾಡಿಸುವ ಇರಾದೆಯಿಲ್ಲ. ಇಂಟಿಮಿಡೇಟ್ ಮಾಡುವವನಿಗೆ ಆ ಇರಾದೆ ಇದೆ.

1860ರ ದಂಡಸಂಹಿತೆಯ 503ನೆಯ ಕಲಂ ಅದನ್ನೇ ಹಿಡಿದಿತ್ತು, 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 351ನೆಯ ಕಲಮಾಗಿದೆ. ಮೈಗೆ, ಮಾನಕ್ಕೆ, ಆಸ್ತಿಗೆ ಕೇಡು ಮಾಡುತ್ತೇನೆಂದು ಬೆದರಿಸಿ ಒಬ್ಬರಲ್ಲಿ ದಿಗಿಲು ಹುಟ್ಟಿಸುವ ಉದ್ದೇಶ ಒಂದು. ಕಾನೂನು ಮಾಡೆನ್ನದ ಕೆಲಸವನ್ನು ಮಾಡಿಸುವ, ಅಥವಾ ಮಾಡಲು ಹಕ್ಕಿರುವ ಕೆಲಸವನ್ನು ಬಿಡಿಸುವ ಉದ್ದೇಶ ಇನ್ನೊಂದು. ಈ ಎರಡನೆಯ ಭಾಗವನ್ನು ನಾವು ಮರೆತೇಬಿಟ್ಟಿದ್ದೇವೆ.

ಉದ್ದೇಶವೇ ಮುಖ್ಯ ಎಂಬುದನ್ನು ಒಂದು ಪ್ರಕರಣ ತೋರಿಸುತ್ತದೆ. 2013ರಲ್ಲಿ ಬೆಂಗಳೂರಿನ ದಂಪತಿ, ಅಪಘಾತದ ಪ್ರಕರಣವೊಂದರಲ್ಲಿ ಪೊಲೀಸ್ ಅಧಿಕಾರಿ ನಡೆದುಕೊಂಡ ರೀತಿಯನ್ನು ಸಂಚಾರ ಪೊಲೀಸರ ಫೇಸ್‌ಬುಕ್ ಪುಟದಲ್ಲಿ ದೂರಿದರು. ಅವರ ಮೇಲೆಯೇ ಬೆದರಿಕೆಯ ಮೊಕದ್ದಮೆ ಬಿತ್ತು. 2015ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ನ್ಯಾಯಮೂರ್ತಿಗಳಾದ ಗೋಪಾಲಗೌಡ ಮತ್ತು ಭಾನುಮತಿ ಅವರ ಪೀಠ ದೂರು ಬರೆದವರ ಉದ್ದೇಶವನ್ನು ನೋಡಿತು. ದಿಗಿಲು ಹುಟ್ಟಿಸುವ ಉದ್ದೇಶವಿಲ್ಲದ ಬರೀ ಮಾತು ಬೆದರಿಕೆಯಾಗದು ಎಂದಿತು. ನನಗಿದು ಸರಿಯಾದ ದಾರಿ ಎನಿಸುತ್ತದೆ. ಕೇಳಿದವನಿಗೆ ಕಸಿವಿಸಿಯಾದ ಮಾತ್ರಕ್ಕೆ ಬೆದರಿಕೆ ಹುಟ್ಟುವುದಿಲ್ಲ, ಅವನು ಖಾಕಿ ಉಟ್ಟಿದ್ದರಂತೂ ಇಲ್ಲವೇ ಇಲ್ಲ. ಹಾಗೆಯೇ ಕೇಳಿದವಳು ಧೈರ್ಯವಾಗಿ ನಿಂತ ಮಾತ್ರಕ್ಕೆ ಬೆದರಿಕೆ ಇಲ್ಲವಾಗುವುದೂ ಇಲ್ಲ.

ನಮ್ಮ ಕಡೆಯ ದೂರುಗಳನ್ನು ಓದಿ ನೋಡಿ. ಯಾವ ಜಗಳವಾದರೂ ಕೊನೆಯ ಸಾಲು ಒಂದೇ: 'ಜೀವ ಬೆದರಿಕೆ ಹಾಕಿರುತ್ತಾರೆ.' ರೈಟರ್ ಕೈಗೆ ರೂಢಿಯಾದ ಸಾಲು. ಹಳ್ಳಿಯಲ್ಲಿ ನಿಜವಾಗಿ ಆಡಿದ ಮಾತು ಬೇರೆ ಇರುತ್ತದೆ: 'ಈ ಊರಾಗ ಹ್ಯಾಂಗ ಬಾಳೇ ಮಾಡ್ತಿ ನೋಡ್ತೀನಿ.' ಕೊಲೆಯ ಸುದ್ದಿ ಅದರಲ್ಲಿಲ್ಲ. ಕೂಲಿ ತಪ್ಪುತ್ತದೆ, ಕಿರಾಣಿ ಅಂಗಡಿಯಲ್ಲಿ ಸಾಮಾನು ಸಿಗುವುದಿಲ್ಲ, ಹಿಟ್ಟಿನ ಗಿರಣಿಯಲ್ಲಿ ಜೋಳ ಬೀಸಿಕೊಡುವುದಿಲ್ಲ ಎಂಬುದೆಲ್ಲ ಅದರಲ್ಲಿದೆ. ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಗೆ ಆದ ತಿದ್ದುಪಡಿ 2016ರ ಜನವರಿಯಿಂದ ಜಾರಿಯಲ್ಲಿದೆ. ಅದರ ಪ್ರಕಾರ ಬಹಿಷ್ಕಾರ ಹಾಕುವುದಷ್ಟೇ ಅಲ್ಲ, ಹಾಕುತ್ತೇವೆಂದು ಬೆದರಿಸುವುದೂ ಅಪರಾಧ. ಆದರೂ ಮಾತು ಠಾಣೆಗೆ ಬರುವಷ್ಟರಲ್ಲಿ 'ಜೀವ ಬೆದರಿಕೆ' ಎಂಬ ಅಚ್ಚಿಗೆ ಬಿದ್ದು ಸತ್ವ ಕಳೆದುಕೊಂಡಿರುತ್ತದೆ. ಮುಂದೆ ನ್ಯಾಯಾಲಯದಲ್ಲಿ ಆ ಸಾಲನ್ನು ಒಡೆಯುವುದು ವಕೀಲನಿಗೆ ಸುಲಭ. 'ಅಂಜಿದ್ದೆಯಾ?' ಎಂದು ಕೇಳಿದರೆ ಮುಗಿಯಿತು. ಅಂಜಿದ್ದೆ ಎಂದರೆ, ಹಾಗಿದ್ದರೆ ಮರುದಿನ ಹೊಲಕ್ಕೆ ಹೇಗೆ ಹೋದೆ? ಅಂಜಲಿಲ್ಲ ಎಂದರೆ, ಮತ್ತೆ ಬೆದರಿಕೆ ಎಲ್ಲಿ ಬಂತು?

ಆದ್ದರಿಂದ ದೂರು ಬರೆಸುವವರಿಗೂ ಬರೆದುಕೊಳ್ಳುವವರಿಗೂ ನನ್ನದೊಂದು ಒತ್ತಾಯವಿದೆ. ಆಡಿದ ಮಾತನ್ನು ಆಡಿದ ಹಾಗೆಯೇ, ಈ ನಾಡಿನ ನುಡಿಯಲ್ಲಿಯೇ ಬರೆಯಿರಿ. ಏನು ಮಾಡೆಂದರು, ಏನು ಬಿಡೆಂದರು ಎಂಬುದನ್ನು ಬರೆಯಿರಿ: ಕೇಸು ವಾಪಸು ತಗೋ ಎಂದರೋ, ಆ ಬಾವಿಗೆ ಬರಬೇಡ ಎಂದರೋ, ನಾಮಪತ್ರ ಹಾಕಬೇಡ ಎಂದರೋ. ಅಂದವನ ಕೈಯಲ್ಲಿ ಏನಿದೆ ಎಂಬುದನ್ನೂ ಬರೆಯಿರಿ: ನೀವು ಕೂಲಿಗೆ ಹೋಗುವ ಹೊಲ ಅವನದೋ, ಗಿರಣಿ ಅವನದೋ, ನಿಮ್ಮ ಸಾಲದ ಚೀಟಿ ಅವನ ಬಳಿ ಇದೆಯೋ. ನೀವು ಅಂಜಿದಿರೋ ಇಲ್ಲವೋ ಎಂಬುದನ್ನು ಹೇಳಬೇಕೆನಿಸಿದರೆ ಹೇಳಿ. ಅದಿಲ್ಲದೆಯೂ ಅವನು ಮಾಡಿದ್ದು ಅಪರಾಧವೇ.