ಓಲೆಗರಿಯ ಆರೈಕೆಯೂ ಪಾಠದ ಪ್ರಾಮಾಣ್ಯವೂ

ವಚನ ವಾಙ್ಮಯವು ಬೆಳಕಿಗೆ ಬಂದ ಕಥೆಯನ್ನು ಹೇಳುವವರು ಮೂರು ವರ್ಗದ ಮಹನೀಯರನ್ನು ತಪ್ಪದೆ ಸ್ಮರಿಸುತ್ತಾರೆ. ಓಲೆಗರಿಯ ಕಟ್ಟುಗಳನ್ನು ಪೂಜಾವಸ್ತುವೆಂದು ತಲೆಮಾರುಗಳವರೆಗೆ ಕಾದುಕೊಂಡು ಬಂದ ಮಠ-ಮನೆತನಗಳವರು ಮೊದಲಿಗರು. ಅವನ್ನು ಅರಸುತ್ತ ಊರೂರು ಅಲೆದ ಸಂಗ್ರಾಹಕರು ಎರಡನೆಯವರು. ಓದಿ, ಹೋಲಿಸಿ, ಪಾಠವನ್ನು ನಿರ್ಣಯಿಸಿದ ಸಂಪಾದಕರು ಮೂರನೆಯವರು. ಡಾ. ಫ. ಗು. ಹಳಕಟ್ಟಿಯವರಂತಹ (1880–1964) ಪ್ರಾತಃಸ್ಮರಣೀಯರು ಕಡೆಯ ಎರಡು ಕಾರ್ಯಗಳನ್ನೂ ತಾವೇ ಹೊತ್ತು, 1923ರಲ್ಲಿ ‘ವಚನಶಾಸ್ತ್ರಸಾರ’ದ ಪ್ರಥಮ ಭಾಗವನ್ನು ನಾಡಿಗೆ ನೀಡಿದ ಸಂಗತಿ ವಾಚಕರಿಗೆ ವಿದಿತವೇ ಇದೆ. ಆದರೆ ಕಟ್ಟು ಮಠದ ಅಟ್ಟದಿಂದ ಇಳಿದ ಮೇಲೆ ಸಂಪಾದಕನ ಮೇಜನ್ನು ಸೇರುವ ಮುನ್ನ, ಅದರ ಧೂಳನ್ನು ಒರೆಸಿ, ಒಂದಕ್ಕೊಂದು ಹತ್ತಿಕೊಂಡ ಗರಿಗಳನ್ನು ಬಿಡಿಸಿ, ಮಾಸಿದ ಅಕ್ಷರಕ್ಕೆ ಮಸಿ ತುಂಬುವ ನಾಲ್ಕನೆಯ ಕೈಯೊಂದುಂಟು. ಗ್ರಂಥಗಳ ಮುನ್ನುಡಿಗಳಲ್ಲಿ ಆ ಕೈಯ ಹೆಸರು ಬರುವುದು ಅಪರೂಪ. ಇದು ಕೃತಜ್ಞತೆಯ ಲೋಪವೆಂದಷ್ಟೇ ಬಗೆದರೆ ವಿಷಯ ಚಿಕ್ಕದು. ಆ ಕೈ ಗರಿಯ ಮೇಲೆ ಏನನ್ನು ಮಾಡಿತು ಎಂಬುದು ಪಾಠದ ಪ್ರಶ್ನೆ; ಆದಕಾರಣ ವಿಮರ್ಶೆಯ ಪ್ರಶ್ನೆಯೂ ಹೌದು.

ಓಲೆಯ ಸ್ವರೂಪವನ್ನು ಅರಿಯದೆ ಈ ಮಾತು ಮನವರಿಕೆಯಾಗದು. ನಮ್ಮ ನಾಡಿನ ಗ್ರಂಥಗಳಿಗೆ ಒದಗಿದುದು ಮುಖ್ಯವಾಗಿ ತಾಳೆ ಮತ್ತು ಶ್ರೀತಾಳೆ ಎಂಬ ಎರಡು ಮರಗಳ ಗರಿ. ಶ್ರೀತಾಳೆಯ ಗರಿ ಅಗಲವಾದುದು, ತೆಳುವಾದುದು, ಬಾಗಿದರೂ ಮುರಿಯದಂಥದು. ತಾಳೆಯದು ದಪ್ಪ ಮತ್ತು ಒರಟು. ಗರಿಯನ್ನು ಬೇಯಿಸಿ, ಒಣಗಿಸಿ, ಉಜ್ಜಿ ನಯಗೊಳಿಸಿ, ಲೋಹದ ಕಂಠದಿಂದ ಅಕ್ಷರವನ್ನು ಕೊರೆಯುತ್ತಾರೆ. ಕೊರೆದ ಅಕ್ಷರಕ್ಕೆ ಬಣ್ಣವಿಲ್ಲ. ಆಮೇಲೆ ಕಾಡಿಗೆಯನ್ನು ಎಣ್ಣೆಯೊಡನೆ ಕಲಸಿ ಬಳಿದು ಒರೆಸಿದಾಗ, ಗೀರಿನೊಳಗೆ ಮಸಿ ನಿಂತು ಅಕ್ಷರ ಕಾಣುತ್ತದೆ. ಅಂದಮೇಲೆ ಓಲೆಯ ಬರಹದಲ್ಲಿ ಎರಡು ಭಾಗಗಳಿವೆ. ಗೀರು ಲಿಪಿಕಾರನದು, ಅದು ಒಮ್ಮೆಯೇ ಆದದ್ದು. ಮಸಿಯಾದರೋ ಕಾಲಕಾಲಕ್ಕೆ ಬೇರೆ ಬೇರೆ ಕೈಗಳಿಂದ ಬಂದದ್ದು. ಓದುಗನ ಕಣ್ಣಿಗೆ ಬೀಳುವುದು ಮಸಿ, ಪ್ರಮಾಣವಾಗಬೇಕಾದುದು ಗೀರು.

ಓಲೆಗೆ ಶತ್ರುಗಳು ಅನೇಕ. ಶೆಕೆಯಿಂದ ಬೂಷ್ಟು ಹಿಡಿಯುತ್ತದೆ, ಒಣಹವೆಯಿಂದ ಗರಿ ಪೆಡಸಾಗಿ ಅಂಚು ಉದುರುತ್ತದೆ, ಹುಳು ಕಟ್ಟಿನ ಉದ್ದಕ್ಕೂ ಸುರಂಗ ಕೊರೆಯುತ್ತದೆ. ಹಿಂದಿನವರು ಬೇವಿನ ಎಲೆ, ಬಜೆ ಇವುಗಳನ್ನಿಟ್ಟು, ಹಲಗೆಗಳ ನಡುವೆ ಬಿಗಿದು, ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು. ಇಂದಿನ ಸಂರಕ್ಷಣಾಲಯಗಳಲ್ಲಿ ಮೆತ್ತನೆಯ ಕುಂಚದಿಂದ ಧೂಳು ತೆಗೆದು, ನಿಂಬೆಹುಲ್ಲಿನ ಅಥವಾ ಸಿಟ್ರೊನೆಲ್ಲ ಎಣ್ಣೆಯನ್ನು ಹಗುರಾಗಿ ಸವರಿ ಗರಿಗೆ ಬಾಗುವ ಗುಣವನ್ನು ಮರಳಿಸುತ್ತಾರೆ. ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲ ಕಟ್ಟಿನಿಂದ ಕಾಪಾಡು ಎಂದು ಗ್ರಂಥದ ಕೊನೆಯಲ್ಲಿ ಬೇಡಿಕೊಳ್ಳುತ್ತಿದ್ದ ಹಳೆಯ ಲಿಪಿಕಾರರು ಈ ಎಣ್ಣೆಯ ಚಿಕಿತ್ಸೆಯನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ!

ಇಷ್ಟರವರೆಗೆ ವೈದ್ಯನ ಕೆಲಸ. ಮಸಿ ತುಂಬುವಲ್ಲಿಗೆ ಬಂದಾಗ ಆತನು ಅರಿತೋ ಅರಿಯದೆಯೋ ಓದುಗನಾಗುತ್ತಾನೆ. ಕಾಡಿಗೆಗೆ ವಿವೇಕವಿಲ್ಲ. ಅದು ಗೀರಿನೊಳಗೆ ಇಳಿಯುವಂತೆಯೇ ಬಿರುಕಿನೊಳಗೂ ಇಳಿಯುತ್ತದೆ, ಹುಳು ತಿಂದ ತೂತಿನ ಅಂಚಿಗೂ ಹತ್ತುತ್ತದೆ. ಕನ್ನಡದ ಸೊನ್ನೆ ಒಂದು ಪುಟ್ಟ ವೃತ್ತ. ಹುಳುವಿನ ತೂತೂ ಒಂದು ಪುಟ್ಟ ವೃತ್ತವೇ. ‘ಕಡೆ’ ಎಂದಿದ್ದುದು ‘ಕಂಡೆ’ ಎಂದಾಗಲು ಒಂದು ತೂತು ಸಾಕು. ‘ಕಡೆ’ ಎಂದರೆ ಕೊನೆ. ‘ಕಂಡೆ’ ಎಂಬುದು ಅನುಭಾವಿಯ ಸಾಕ್ಷಾತ್ಕಾರದ ಮಾತು. ಹಳೆಯ ಓಲೆಗಳಲ್ಲಿ ಎಕಾರ-ಒಕಾರಗಳ ದೀರ್ಘವನ್ನು ಗುರುತಿಸುವ ರೂಢಿ ಇಲ್ಲವಾದ್ದರಿಂದ ‘ಕೆಡು’ ‘ಕೇಡು’ಗಳನ್ನು ಸಂದರ್ಭದಿಂದಲೇ ನಿರ್ಣಯಿಸಬೇಕು, ಪದಗಳ ನಡುವೆ ತೆರಪೂ ಇಲ್ಲ. ಹೀಗೆ ಮೊದಲೇ ಸಂದಿಗ್ಧವಾದ ಸಾಲಿನಲ್ಲಿ ಹೊಸ ಮಸಿಯೊಂದು ಸೇರಿದರೆ ಅರ್ಥ ಎತ್ತ ವಾಲೀತೆಂಬುದನ್ನು ಹೇಳಲಾಗದು.

ನುರಿತ ಸಂರಕ್ಷಕನು ಇದಕ್ಕೆ ಉಪಾಯವನ್ನು ಬಲ್ಲನು. ಹುಳು ಒಂದೇ ಗರಿಯನ್ನು ತಿಂದು ಸುಮ್ಮನಾಗುವುದಿಲ್ಲ. ಮೇಲಿನ ಗರಿಯ ಅದೇ ಜಾಗದಲ್ಲಿ, ಕೆಳಗಿನ ಗರಿಯ ಅದೇ ಜಾಗದಲ್ಲಿ ತೂತಿದ್ದರೆ ಅದು ಸೊನ್ನೆಯಲ್ಲ. ಓರೆಬೆಳಕಿನಲ್ಲಿ ಹಿಡಿದರೆ ಕಂಠದ ಗೀರಿನ ಅಂಚು ಒಂದು ರೀತಿ, ಬಿರುಕಿನ ಅಂಚು ಇನ್ನೊಂದು ರೀತಿ ಹೊಳೆಯುತ್ತದೆ. ಆದುದರಿಂದಲೇ ಗರಿಗಳ ಅನುಕ್ರಮವನ್ನು ಕದಲಿಸದಿರುವುದು, ತೂತನ್ನು ತುಂಬಿ ಅದರ ಮೇಲೆ ಕಪ್ಪು ಬಳಿಯದಿರುವುದು, ಮಸಿಗೆ ಮುನ್ನ ಒಂದು ಛಾಯಾಚಿತ್ರ ತೆಗೆದಿಡುವುದು—ಇವು ಕೈಕೆಲಸದ ನಿಯಮಗಳಾಗಿ ತೋರಿದರೂ ಪಾಠಶೋಧನೆಯ ನಿಯಮಗಳೇ ಆಗಿವೆ.

ಕಲಾವಸ್ತುಗಳ ಸಂರಕ್ಷಣೆಯನ್ನು ಒಂದು ಶಾಸ್ತ್ರವಾಗಿ ಬೆಳೆಸಿದವರಲ್ಲಿ ಇಟಲಿಯವರು ಅಗ್ರಗಣ್ಯರು. 1939ರಲ್ಲಿ ರೋಮಿನಲ್ಲಿ ಸ್ಥಾಪಿತವಾದ ಕೇಂದ್ರ ಸಂಸ್ಥೆಯ ನಿರ್ದೇಶಕರಾಗಿದ್ದ ಚೆಸಾರೆ ಬ್ರಾಂದಿ ಅವರು 1963ರಲ್ಲಿ ಜೀರ್ಣೋದ್ಧಾರದ ಸಿದ್ಧಾಂತವನ್ನು ಕುರಿತ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಚಿತ್ರದಲ್ಲಿ ಬಣ್ಣ ಉದುರಿದ ಜಾಗವನ್ನು ಸೂಕ್ಷ್ಮವಾದ ಲಂಬರೇಖೆಗಳಿಂದ ಮಾತ್ರ ತುಂಬುವ ಕ್ರಮ ಆ ಸಂಸ್ಥೆಯಲ್ಲಿ ರೂಪುಗೊಂಡಿತು. ದೂರದಿಂದ ನೋಡುವವನಿಗೆ ಚಿತ್ರ ಅಖಂಡವಾಗಿ ತೋರುತ್ತದೆ. ಹತ್ತಿರ ಬಂದವನಿಗೆ ಯಾವುದು ಮೂಲ, ಯಾವುದು ಇಂದಿನ ಕೈ ಎಂಬುದು ಮರೆಯಿಲ್ಲದೆ ಕಾಣುತ್ತದೆ. 1966ರ ನವೆಂಬರಿನಲ್ಲಿ ಫ್ಲಾರೆನ್ಸ್ ನಗರಕ್ಕೆ ನುಗ್ಗಿದ ನೆರೆಯಲ್ಲಿ ಚಿಮಾಬುವೆಯ ಶಿಲುಬೆಯ ಚಿತ್ರ ತನ್ನ ಬಣ್ಣದ ಬಹುಭಾಗವನ್ನು ಕಳೆದುಕೊಂಡಿತು. ಹತ್ತು ವರ್ಷ ಅದರ ಆರೈಕೆ ನಡೆಯಿತು. ಹಳೆಯ ಛಾಯಾಚಿತ್ರಗಳ ಆಧಾರದಿಂದ ಹೊಸದಾಗಿ ಬರೆದುಬಿಡುವುದು ಅವರಿಗೆ ಕಷ್ಟವಾಗಿರಲಿಲ್ಲ. ಅವರು ಹಾಗೆ ಮಾಡಲಿಲ್ಲ; ನಷ್ಟವಾದ ಭಾಗವನ್ನು ನಷ್ಟವೆಂದೇ ತೋರುವ ಬಣ್ಣದ ಗೆರೆಗಳಿಂದ ಮುಚ್ಚಿದರು. ಭಕ್ತರು ಕೈಮುಗಿಯುವ ವಿಗ್ರಹವೊಂದರಲ್ಲಿ ಈ ಸಂಯಮವನ್ನು ತೋರುವುದು ಸಾಮಾನ್ಯ ಧೈರ್ಯವಲ್ಲ.

ಅದೇ ನಾಡಿನವರು ನಮ್ಮ ಅಜಂತೆಯಲ್ಲಿ ಇದಕ್ಕೂ ಮೊದಲು ಮಾಡಿದ ಕೆಲಸ ಬೇರೊಂದು ಪಾಠವನ್ನು ಕಲಿಸುತ್ತದೆ. 1920ರ ಸುಮಾರಿಗೆ ಹೈದರಾಬಾದಿನ ನಿಜಾಮ ಸರಕಾರ ಇಬ್ಬರು ಇಟಲಿಯ ತಜ್ಞರನ್ನು ಕರೆಸಿತು. ಗೋಡೆಯಿಂದ ಕಳಚಿ ಬೀಳುತ್ತಿದ್ದ ಗಾರೆಯನ್ನು ಅವರು ಭದ್ರಪಡಿಸಿದ್ದು ಉಪಕಾರವೇ ಸರಿ. ಆದರೆ ಚಿತ್ರಗಳ ಮೇಲೆ ಬಳಿದ ಅರಗಿನ ಮೆರುಗು ವರ್ಷಗಳು ಕಳೆದಂತೆ ಹಳದಿಯಾಗಿ, ಮಬ್ಬಾಗಿ, ಬಣ್ಣಗಳನ್ನೇ ಮರೆಮಾಡಿತು. ಅದನ್ನು ಕಳೆಯಲು ಪುರಾತತ್ತ್ವ ಇಲಾಖೆಯ ರಸಾಯನಜ್ಞರು ದಶಕಗಳ ಕಾಲ ಶ್ರಮಿಸಬೇಕಾಯಿತು. ಇಂದು ಹಾಕಿದ್ದನ್ನು ನಾಳೆ ತೆಗೆಯಲು ಬರುವಂತಿರಬೇಕು ಎಂಬ ನಿಯಮ ಸಂರಕ್ಷಕರಲ್ಲಿ ಬೇರೂರಿದುದು ಇಂಥ ಅನುಭವಗಳಿಂದಲೇ.

ಈ ಎರಡು ನಿಯಮಗಳನ್ನು ಕೈಯಲ್ಲಿ ಹಿಡಿದು ನಮ್ಮ ವಚನಗಳ ಮುದ್ರಿತ ಪ್ರತಿಗಳನ್ನು ನೋಡಬೇಕು. ಡಿ. ಎಲ್. ನರಸಿಂಹಾಚಾರ್ ಅವರು ‘ಕನ್ನಡ ಗ್ರಂಥ ಸಂಪಾದನೆ’ಯಲ್ಲಿ (1964) ಸಂಪಾದಕನ ಕರ್ತವ್ಯಗಳನ್ನು ಶಾಸ್ತ್ರೀಯವಾಗಿ ನಿರೂಪಿಸಿ ಅರ್ಧ ಶತಮಾನ ಮೀರಿದೆ. ತ್ರುಟಿತವಾದೆಡೆ ಚುಕ್ಕೆ, ಊಹೆಯ ಪಾಠಕ್ಕೆ ಕಂಸ, ಅಡಿಯಲ್ಲಿ ಪಾಠಾಂತರ—ಇವು ಸಂಪಾದಕನ ಲಂಬರೇಖೆಗಳು. ವಿದ್ವತ್ ಪ್ರತಿಗಳಲ್ಲಿ ಇವು ಇರುತ್ತವೆ. ಜನಪ್ರಿಯ ಆವೃತ್ತಿಗೆ, ನಿತ್ಯಪಾರಾಯಣದ ಹೊತ್ತಗೆಗೆ, ಆಮಂತ್ರಣ ಪತ್ರಿಕೆಗೆ ಇಳಿಯುವಾಗ ಕಂಸವೂ ಚುಕ್ಕೆಯೂ ಉದುರಿಹೋಗಿ, ಸಂಪಾದಕನ ಊಹೆ ಶರಣರ ವಾಣಿಯಾಗಿ ನಿಲ್ಲುತ್ತದೆ. ಅದನ್ನೇ ಕಂಠಪಾಠ ಮಾಡಿದ ಭಕ್ತನಿಗೆ ಮೂಲಪಾಠವನ್ನು ತೋರಿಸಿದರೆ ಮೂಲವೇ ತಪ್ಪಾಗಿ ಕಾಣುತ್ತದೆ. ಇದು ಅರಗಿನ ಮೆರುಗಲ್ಲದೆ ಮತ್ತೇನು?

ಶೂನ್ಯಸಂಪಾದನೆಯ ಪರಿಷ್ಕರ್ತರು ಹೀಗೆ ಮಾಡಲಿಲ್ಲವೇ ಎಂಬ ಆಕ್ಷೇಪ ಬರಬಹುದು. ಶಿವಗಣಪ್ರಸಾದಿ ಮಹಾದೇವಯ್ಯಗಳ ಕೃತಿಯನ್ನು ತರುವಾಯದವರು ತಿದ್ದಿದರು, ಬೆಳೆಸಿದರು, ಸಿದ್ಧರಾಮರ ಲಿಂಗದೀಕ್ಷೆಯ ಪ್ರಸಂಗವನ್ನು ಸೇರಿಸಿದರು. ನಿಜ. ಆದರೆ ಅವು ನಾಲ್ಕು ಕೃತಿಗಳಾಗಿ, ನಾಲ್ವರ ಹೆಸರಿನಲ್ಲಿ ಉಳಿದಿವೆ. ಹಲಗೆಯಾರ್ಯರದು ಯಾವುದು, ಗುಮ್ಮಳಾಪುರದ ಸಿದ್ಧಲಿಂಗರದು ಯಾವುದು, ಗೂಳೂರು ಸಿದ್ಧವೀರಣ್ಣೊಡೆಯರದು ಯಾವುದು ಎಂಬುದನ್ನು ಇಂದಿನ ವಿದ್ಯಾರ್ಥಿ ಬೇರ್ಪಡಿಸಿ ಓದಬಲ್ಲನು. ಅವರು ಕೈಯನ್ನು ಮರೆಸಲಿಲ್ಲ.

ಬಸವಣ್ಣನವರ ವಚನಗಳ ಅಂಕಿತವನ್ನೇ ಬದಲಿಸಿ 1990ರ ದಶಕದಲ್ಲಿ ಪ್ರಕಟವಾದ ಸಂಕಲನದ ಪ್ರಕರಣ ಇದಕ್ಕೆ ವಿರುದ್ಧವಾದುದು. ಸರಕಾರ 1998ರಲ್ಲಿ ಆ ಗ್ರಂಥವನ್ನು ನಿಷೇಧಿಸಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ನಿಷೇಧವನ್ನು ಎತ್ತಿಹಿಡಿಯಿತು. ಭಕ್ತರ ನೋವು ಸಹಜವಾದುದು. ಆದರೂ ನಿಷೇಧವು ವಿಮರ್ಶೆ ಮಾಡಬೇಕಾದ ಕೆಲಸವನ್ನು ಮಾಡಲಾರದು. ಓಲೆಗಳು ಏನು ಹೇಳುತ್ತವೆ, ಎಷ್ಟು ಪ್ರತಿಗಳು ಹೇಳುತ್ತವೆ, ಯಾವ ಕಾಲದ ಪ್ರತಿಗಳು ಹೇಳುತ್ತವೆ ಎಂಬುದನ್ನು ತೆರೆದು ತೋರಿಸಿದಾಗ ಅಂಕಿತದ ಪ್ರಶ್ನೆ ನ್ಯಾಯಾಲಯದವರೆಗೆ ಹೋಗದೆ ಓದುಗನ ಕಣ್ಣೆದುರಿನಲ್ಲೇ ಇತ್ಯರ್ಥವಾಗುತ್ತದೆ. ಹಾಗೆ ತೋರಿಸಬೇಕಾದರೆ ಓಲೆಗಳು ಉಳಿದಿರಬೇಕು, ಕೆಡದೆ ಉಳಿದಿರಬೇಕು.

ಗಣಕಯಂತ್ರದಲ್ಲಿ ಚಿತ್ರವನ್ನು ಸೆರೆಹಿಡಿದಾದ ಮೇಲೆ ಓಲೆಯ ಗೊಡವೆ ಏಕೆಂದು ಕೇಳುವವರು ಈಗ ಹೆಚ್ಚುತ್ತಿದ್ದಾರೆ. ಕಪ್ಪು ಹಿನ್ನೆಲೆಯ ಮೇಲೆ ಗರಿಯನ್ನಿಟ್ಟು ತೆಗೆದ ಚಿತ್ರದಲ್ಲಿ ತೂತು ಕಪ್ಪಾಗಿಯೇ ಕಾಣುತ್ತದೆ, ಸೊನ್ನೆಯೂ ಕಪ್ಪಾಗಿಯೇ ಕಾಣುತ್ತದೆ. ಬೆರಳಿಗೆ ಸಿಗುವ ಭೇದ ಅಲ್ಲಿ ಸಿಗದು. ಮಸಿ ತುಂಬಿದ ಬಳಿಕ ತೆಗೆದ ಚಿತ್ರವಾದರಂತೂ ಅದು ಲಿಪಿಕಾರನ ಸಾಕ್ಷ್ಯವೋ ಸಂರಕ್ಷಕನ ಸಾಕ್ಷ್ಯವೋ ಎಂದು ಹೇಳುವವರೇ ಇಲ್ಲ.

ಮಠಗಳ ಭಂಡಾರಗಳಲ್ಲಿ ಇನ್ನೂ ಕಟ್ಟುಗಳಿವೆ. ಅವುಗಳ ಆರೈಕೆಗೆ ಕೈಹಾಕುವವರು ಪ್ರತಿ ಕಟ್ಟಿನೊಡನೆ ಒಂದು ಹಾಳೆಯನ್ನಿಡಬೇಕು: ಎಷ್ಟು ಗರಿ, ಯಾವ ಅನುಕ್ರಮದಲ್ಲಿ ದೊರೆತವು, ಯಾವುದಕ್ಕೆ ಯಾವ ಎಣ್ಣೆ ಹಚ್ಚಿತು, ಯಾವ ಗರಿಯ ಯಾವ ಸಾಲಿಗೆ ಮಸಿ ತುಂಬಲಾಯಿತು, ಯಾವ ತೂತನ್ನು ಯಾವುದರಿಂದ ಮುಚ್ಚಲಾಯಿತು, ಮಾಡಿದವರು ಯಾರು, ಯಾವ ವರ್ಷ. ಸಂಪಾದಕನು ಆ ಹಾಳೆಯನ್ನು ಓದಿ, ಅಗತ್ಯವಿದ್ದೆಡೆ ಅಡಿಟಿಪ್ಪಣಿಯಲ್ಲಿ ‘ಇಲ್ಲಿಯ ಸೊನ್ನೆಯ ಮಸಿ ಹೊಸದು, ಗೀರು ಅಸ್ಪಷ್ಟ’ ಎಂದು ಮುದ್ರಿಸಬೇಕು. ಮುನ್ನುಡಿಯಲ್ಲಿ ಓಲೆ ಕೊಟ್ಟವರ ಹೆಸರಿನ ಕೆಳಗೆ ಆ ಹಾಳೆಯನ್ನು ಬರೆದವರ ಹೆಸರೂ ಬರಬೇಕು.